ಅಡಮಾನದ ಆಸ್ತಿ, ಹಲವು ನ್ಯಾಯಾಲಯ: 'ಫೋರಂ ಶಾಪಿಂಗ್' ಎಂದರೇನು?

ಮನೆ, ನಿವೇಶನ ಅಥವಾ ಕಾರ್ಖಾನೆಯನ್ನು ಅಡವಿಟ್ಟು ಪಡೆದ ಸಾಲ ಸುಸ್ತಿಯಾದ ನಂತರ ಹುಟ್ಟುವ ವ್ಯಾಜ್ಯ ಒಂದೇ ನ್ಯಾಯಾಲಯದಲ್ಲಿ ಮುಗಿಯುವುದು ಅಪರೂಪ. ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಒಂದು ಅರ್ಜಿ, ಸಿವಿಲ್ ನ್ಯಾಯಾಲಯದಲ್ಲಿ ಮಕ್ಕಳ ಹೆಸರಿನಲ್ಲಿ ಪಾಲುವಿಭಾಗದ ದಾವೆ, ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಹೀಗೆ ಒಂದೇ ಆಸ್ತಿ, ಒಂದೇ ಸಾಲ ಮೂರು ಕಡೆ ವಿಚಾರಣೆಗೆ ಬರುವುದುಂಟು. ತಮಗೆ ಅನುಕೂಲವಾದ ಆದೇಶ ಎಲ್ಲಿ ಸಿಕ್ಕೀತು ಎಂದು ಕಕ್ಷಿದಾರರು ನ್ಯಾಯಪೀಠಗಳನ್ನು ಅರಸುತ್ತ ಹೋಗುವ ಈ ಪರಿಪಾಠಕ್ಕೆ ಕಾನೂನು ಪರಿಭಾಷೆಯಲ್ಲಿ 'ಫೋರಂ ಶಾಪಿಂಗ್' ಎಂದು ಹೆಸರು.

ಇದು ವಕೀಲರಿಗೆ ಮಾತ್ರ ಸಂಬಂಧಿಸಿದ ತಾಂತ್ರಿಕ ವಿಷಯವಲ್ಲ. ಸಾಲಗಾರ ಮನೆ ಉಳಿಸಿಕೊಳ್ಳುವನೇ ಕಳೆದುಕೊಳ್ಳುವನೇ, ಹರಾಜಿನಲ್ಲಿ ಹಣ ಕಟ್ಟಿದವನಿಗೆ ಮನೆಯ ಕೀಲಿಕೈ ದೊರೆಯುವುದೇ ಇಲ್ಲವೇ ಎಂಬುದು ಅನೇಕ ವೇಳೆ ಮೊದಲು ತಟ್ಟಿದ ಬಾಗಿಲು ಯಾವುದು ಎಂಬುದನ್ನೇ ಅವಲಂಬಿಸಿರುತ್ತದೆ. ಅಡಮಾನ ವ್ಯಾಜ್ಯಗಳಲ್ಲಿ ಯಾವ ನ್ಯಾಯಾಲಯಕ್ಕೆ ಯಾವ ಅಧಿಕಾರ, ಆಯ್ಕೆಯ ಹಕ್ಕು ಎಲ್ಲಿ ಮುಗಿದು ದುರುಪಯೋಗ ಎಲ್ಲಿ ಆರಂಭವಾಗುತ್ತದೆ ಎಂಬುದರ ವಿವರ ಇಲ್ಲಿದೆ.

ಆಯ್ಕೆ ತಪ್ಪಲ್ಲ, ಮರೆಮಾಚುವುದು ತಪ್ಪು

ಕಾನೂನೇ ಎರಡು ಮೂರು ಕಡೆ ಅರ್ಜಿ ಸಲ್ಲಿಸಲು ಅವಕಾಶ ಕೊಟ್ಟಿದ್ದರೆ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಕಕ್ಷಿದಾರನ ಹಕ್ಕು. ಅಧಿಕಾರವಿಲ್ಲದ ಕಡೆ ಅಧಿಕಾರ ಇರುವಂತೆ ಬಿಂಬಿಸುವುದು, ಒಂದು ಕಡೆ ತಡೆಯಾಜ್ಞೆ ಸಿಗದಾಗ ಅದನ್ನು ಮುಚ್ಚಿಟ್ಟು ಇನ್ನೊಂದು ಕಡೆ ಅದೇ ಪರಿಹಾರ ಬೇಡುವುದು, ಬೇರೊಬ್ಬರ ಹೆಸರಿನಲ್ಲಿ ಅದೇ ವಾದವನ್ನು ಮತ್ತೆ ಹೂಡುವುದು ಆಕ್ಷೇಪಾರ್ಹ. ಯೂನಿಯನ್ ಆಫ್ ಇಂಡಿಯಾ ವಿರುದ್ಧ ಸಿಪ್ಲಾ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್ ಇದಕ್ಕೊಂದು ಒರೆಗಲ್ಲು ನೀಡಿದೆ. ಎರಡು ಪ್ರಕರಣಗಳ ಶೀರ್ಷಿಕೆ, ಕಕ್ಷಿದಾರರ ಹೆಸರು ಬೇರೆಯಾಗಿದ್ದರೂ ಅವುಗಳ ಕಾರ್ಯೋದ್ದೇಶ ಒಂದೇ ಆಗಿದೆಯೇ, ಅದರಲ್ಲಿ ಕಪಟ ಅಡಗಿದೆಯೇ ಎಂಬುದನ್ನು ನೋಡಬೇಕು ಎಂಬುದು ಅದರ ಸಾರ. 2022ರ ವಿಜಯಕುಮಾರ್ ಘಾಯ್ ಪ್ರಕರಣದಲ್ಲಿಯೂ ನ್ಯಾಯಾಲಯ ಈ ಪ್ರವೃತ್ತಿಯನ್ನು ಖಂಡಿಸಿದೆ.

ಹಳೆಯ ದಾರಿ: ಒಂದೇ ಬಾಗಿಲು

ಅಡಮಾನದ ಮೂಲ ಕಾನೂನು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಸರಳ ಅಡಮಾನ, ಷರತ್ತಿನ ಕ್ರಯ, ಭೋಗ್ಯ, ಇಂಗ್ಲಿಷ್ ಅಡಮಾನ, ಹಕ್ಕುಪತ್ರಗಳ ಠೇವಣಿ ಮತ್ತು ಮಿಶ್ರ ಬಗೆಯ ಅಡಮಾನ ಎಂದು 58ನೇ ಕಲಂ ಆರು ವಿಧಗಳನ್ನು ಗುರುತಿಸುತ್ತದೆ. ಗೃಹಸಾಲ ಪಡೆಯುವಾಗ ಮೂಲ ಕ್ರಯಪತ್ರವನ್ನು ಬ್ಯಾಂಕಿಗೆ ಒಪ್ಪಿಸುವುದು ಐದನೆಯ ವಿಧ. ಸಾಲ ತೀರಿಸಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕನ್ನು 60ನೇ ಕಲಂ ರಕ್ಷಿಸುತ್ತದೆ.

ಇಲ್ಲಿ ಒಂದು ಪದದ ಗೊಂದಲ ನಿವಾರಿಸಿಕೊಳ್ಳುವುದು ಒಳಿತು. ಅವಧಿಗೆ ಮುನ್ನ ಸಾಲ ತೀರಿಸುವುದನ್ನು ನಾವು ಸಾಮಾನ್ಯವಾಗಿ 'ಫೋರ್‌ಕ್ಲೋಸ್' ಎನ್ನುತ್ತೇವೆ. ಕಾನೂನಿನಲ್ಲಿ ಫೋರ್‌ಕ್ಲೋಷರ್ ಎಂದರೆ ಆಸ್ತಿ ಬಿಡಿಸಿಕೊಳ್ಳುವ ಹಕ್ಕನ್ನು ಸಾಲಗಾರ ಶಾಶ್ವತವಾಗಿ ಕಳೆದುಕೊಳ್ಳುವುದು. 67ನೇ ಕಲಮಿನ ಪ್ರಕಾರ ಷರತ್ತಿನ ಕ್ರಯದಲ್ಲಿ, ಹಾಗೂ ಕರಾರಿನಲ್ಲೇ ಅಂಥ ಅವಕಾಶವಿರುವ ಮಿಶ್ರ ಅಡಮಾನದಲ್ಲಿ ಮಾತ್ರ ಇದು ಸಾಧ್ಯ. ಬ್ಯಾಂಕಿನ ಸಾಮಾನ್ಯ ಗೃಹಸಾಲದಲ್ಲಿ ಆಗುವುದು ಆಸ್ತಿಯ ಹರಾಜು. ಸಾಲಕ್ಕೆ ಸಲ್ಲಬೇಕಾದದ್ದು ಸಂದ ಮೇಲೆ ಮಿಕ್ಕ ಹಣ ಅದಕ್ಕೆ ಹಕ್ಕುಳ್ಳವರಿಗೆ, ಬೇರೆ ಹಕ್ಕುದಾರರಿಲ್ಲದಿದ್ದರೆ ಸಾಲಗಾರನಿಗೆ, ಸೇರಬೇಕು.

ಹಳೆಯ ವ್ಯವಸ್ಥೆಯಲ್ಲಿ ಅಡಮಾನದ ದಾವೆಯನ್ನು ಆಸ್ತಿ ಇರುವ ಸ್ಥಳದ ಸಿವಿಲ್ ನ್ಯಾಯಾಲಯದಲ್ಲಿಯೇ ಹೂಡಬೇಕಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಂ ಹಾಗೆ ವಿಧಿಸಿದೆ. 34ನೇ ಆರ್ಡರ್ ಪ್ರಕಾರ ಮೊದಲು ಪ್ರಾಥಮಿಕ ಡಿಕ್ರಿ, ಅನಂತರ ಅಂತಿಮ ಡಿಕ್ರಿ, ಆ ಬಳಿಕ ಮಾರಾಟ. ಖಾಸಗಿ ವ್ಯಕ್ತಿಗಳ ನಡುವಿನ ಅಡಮಾನಕ್ಕೆ ಇಂದಿಗೂ ಇದೇ ದಾರಿ. ವರ್ಷಗಟ್ಟಲೆ ಕಾಯಬೇಕಾದರೂ ಬಾಗಿಲು ಒಂದೇ ಇದ್ದುದರಿಂದ ಅಲೆದಾಟಕ್ಕೆ ಅವಕಾಶ ಕಡಿಮೆ ಇತ್ತು.

ಹೊಸ ದಾರಿ: ಹಲವು ಬಾಗಿಲು

ಬ್ಯಾಂಕುಗಳ ವಸೂಲಿ ತ್ವರಿತವಾಗಲಿ ಎಂದು 1993ರ ಕಾಯ್ದೆಯ ಮೂಲಕ ಸಾಲ ವಸೂಲಾತಿ ನ್ಯಾಯಮಂಡಳಿಗಳು ಬಂದವು. ಅಲ್ಲಿಗೆ ಹೋಗಲು ಬಾಕಿ ಕನಿಷ್ಠ 10 ಲಕ್ಷ ರೂಪಾಯಿ ಇರಬೇಕಿತ್ತು. 2018ರಲ್ಲಿ ಈ ಮಿತಿಯನ್ನು 20 ಲಕ್ಷಕ್ಕೆ ಏರಿಸಲಾಯಿತು. 2002ರಲ್ಲಿ ಜಾರಿಗೆ ಬಂದ ಸರ್ಫೇಸಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಯಾಲಯದ ಡಿಕ್ರಿಯ ಅಗತ್ಯವೇ ಇಲ್ಲದೆ ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆದು ಮಾರುವ ಅಧಿಕಾರವನ್ನು ಬ್ಯಾಂಕಿಗೆ ನೀಡಿತು. ಇದು ಸಹಕಾರ ಬ್ಯಾಂಕುಗಳಿಗೂ ಅನ್ವಯಿಸುತ್ತದೆ ಎಂದು 2020ರ ಮೇ 5ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿದೆ.

ಕಾಯ್ದೆಯ ಹಂತಗಳು ಹೀಗಿವೆ:

* 13(2) ನೋಟಿಸ್: ಬಾಕಿ ತೀರಿಸಲು 60 ದಿನಗಳ ಗಡುವು.
* 13(3ಎ) ಆಕ್ಷೇಪಣೆ: ಸಾಲಗಾರ ಆಕ್ಷೇಪಿಸಿದರೆ ಬ್ಯಾಂಕು 15 ದಿನಗಳಲ್ಲಿ ಕಾರಣಸಹಿತ ಉತ್ತರ ನೀಡಬೇಕು.
* 13(4) ಕ್ರಮ: ಆಸ್ತಿಯ ಸ್ವಾಧೀನ, ಹರಾಜು.
* ಕಲಂ 14: ಸ್ವಾಧೀನಕ್ಕೆ ನೆರವು ಕೋರಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಮುಖ್ಯ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಅವರಿಗೆ ಬ್ಯಾಂಕಿನ ಅರ್ಜಿ. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೂ ಈ ಅಧಿಕಾರವಿದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.
* ಕಲಂ 17: ಬ್ಯಾಂಕಿನ ಕ್ರಮ ಪ್ರಶ್ನಿಸಿ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ.
* ಕಲಂ 18: ನ್ಯಾಯಮಂಡಳಿಯ ಆದೇಶ ತಲುಪಿದ 30 ದಿನಗಳಲ್ಲಿ ಮೇಲ್ಮನವಿ.

ಕರ್ನಾಟಕದ ಪ್ರಕರಣಗಳನ್ನು ನೋಡುವ ನ್ಯಾಯಮಂಡಳಿಗಳು ಬೆಂಗಳೂರಿನಲ್ಲಿವೆ. ಮೇಲ್ಮನವಿಗೆ ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಬೀದರ್ ಅಥವಾ ಕಾರವಾರದ ಸಾಲಗಾರನಿಗೆ ಇದು ದೂರದ ದಾರಿಯೇ ಸರಿ.

ಅಧಿಕೃತವಾದ ಆಯ್ಕೆಯೊಂದು ಇಲ್ಲಿಯೇ ಇದೆ. 2016ರ ತಿದ್ದುಪಡಿಯ ಪ್ರಕಾರ 17ನೇ ಕಲಮಿನ ಅರ್ಜಿಯನ್ನು ವ್ಯಾಜ್ಯಕಾರಣ ಹುಟ್ಟಿದ ಸ್ಥಳ, ಆಸ್ತಿ ಇರುವ ಸ್ಥಳ ಅಥವಾ ಸಾಲದ ಖಾತೆ ಇರುವ ಬ್ಯಾಂಕ್ ಶಾಖೆಯ ಸ್ಥಳ, ಈ ಮೂರರಲ್ಲಿ ಯಾವುದಾದರೊಂದರ ನ್ಯಾಯಮಂಡಳಿಯಲ್ಲಿ ಸಲ್ಲಿಸಬಹುದು. ಇವುಗಳಲ್ಲಿ ಒಂದನ್ನು ಆರಿಸಿಕೊಂಡದ್ದಕ್ಕಾಗಿ ಯಾರನ್ನೂ ದೂರುವಂತಿಲ್ಲ.

ಸಾಲಗಾರ ಬೇರೆಡೆಗೆ ಹೋಗುವುದೇಕೆ?

ಕಾರಣ ಮುಖ್ಯವಾಗಿ ಹಣ ಮತ್ತು ಸಮಯ. ನ್ಯಾಯಮಂಡಳಿಯಲ್ಲಿ ಸೋತ ಸಾಲಗಾರ ಮೇಲ್ಮನವಿ ಸಲ್ಲಿಸಬೇಕಾದರೆ ಬಾಕಿಯ ಶೇ. 50ರಷ್ಟು ಠೇವಣಿ ಇಡಬೇಕು. ಮೇಲ್ಮನವಿ ನ್ಯಾಯಮಂಡಳಿ ಇದನ್ನು ಕಡಿಮೆ ಮಾಡಬಹುದಾದರೂ ಶೇ. 25ಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಬಾಕಿ 80 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ 40 ಲಕ್ಷ, ಕನಿಷ್ಠ ಪಕ್ಷ 20 ಲಕ್ಷ ರೂಪಾಯಿ ಹೊಂದಿಸಬೇಕು. ಕಂತು ಕಟ್ಟಲಾಗದೆ ಸುಸ್ತಿದಾರನಾದವನು ಇಷ್ಟು ಹಣ ಎಲ್ಲಿಂದ ತರಬೇಕು? ಹೈಕೋರ್ಟಿನ ರಿಟ್ ಅರ್ಜಿಗೆ ಇಂಥ ಕಡ್ಡಾಯ ಠೇವಣಿ ಇಲ್ಲ. ಸಿವಿಲ್ ದಾವೆಗೂ ಇಲ್ಲ. ಎದುರು ಪಕ್ಷಕ್ಕೆ ನೋಟಿಸ್ ತಲುಪುವ ಮುನ್ನವೇ ತಾತ್ಕಾಲಿಕ ತಡೆಯಾಜ್ಞೆ ದೊರೆತರೆ ಆ ವಾರದ ಹರಾಜು ನಿಂತಂತೆಯೇ.

ವ್ಯವಸ್ಥೆಯ ಲೋಪವೂ ಇದೆ. 17ನೇ ಕಲಮಿನ ಅರ್ಜಿ 60 ದಿನಗಳಲ್ಲಿ, ಹೆಚ್ಚೆಂದರೆ ನಾಲ್ಕು ತಿಂಗಳಲ್ಲಿ ಇತ್ಯರ್ಥವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ಪೀಠಾಧಿಕಾರಿಯೇ ಇಲ್ಲದಿದ್ದರೆ? ಹುದ್ದೆಗಳು ಖಾಲಿ ಬಿದ್ದು ನ್ಯಾಯಮಂಡಳಿಗಳು ಸ್ತಬ್ಧವಾದಾಗ, ಆ ಪ್ರಕರಣಗಳನ್ನು ತಾತ್ಕಾಲಿಕವಾಗಿ ಹೈಕೋರ್ಟುಗಳೇ ಪರಿಗಣಿಸಲಿ ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಕೋರಬೇಕಾಯಿತು. ಬಾಗಿಲು ಮುಚ್ಚಿರುವಾಗ ಪಕ್ಕದ ಬಾಗಿಲು ತಟ್ಟಿದವನನ್ನು ಕಪಟಿ ಎನ್ನಲಾಗದು.

ಬ್ಯಾಂಕುಗಳಿಗೂ ಆಯ್ಕೆ ಉಂಟು

ಅಲೆದಾಟದ ಆರೋಪ ಸಾಲಗಾರನ ಮೇಲೆಯೇ ಹೆಚ್ಚು. ಆದರೆ ಏಕಕಾಲಕ್ಕೆ ಹಲವು ದಾರಿ ಹಿಡಿಯುವ ಅವಕಾಶ ಬ್ಯಾಂಕುಗಳಿಗೂ ಇದೆ. 1993ರ ಕಾಯ್ದೆಯಡಿ ವಸೂಲಿ ಅರ್ಜಿ ಬಾಕಿ ಇರುವಾಗಲೇ ಸರ್ಫೇಸಿ ಕ್ರಮ ಕೈಗೊಳ್ಳಬಹುದು ಎಂದು 2006ರ ಟ್ರಾನ್ಸ್‌ಕೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಧ್ಯಸ್ಥಿಕೆ ಪ್ರಕ್ರಿಯೆ ನಡೆಯುತ್ತಿದ್ದರೂ ಸರ್ಫೇಸಿಗೆ ಅಡ್ಡಿಯಿಲ್ಲ ಎಂದು 2017ರಲ್ಲಿ ಎಂ.ಡಿ. ಫ್ರೋಜನ್ ಫುಡ್ಸ್ ಪ್ರಕರಣದಲ್ಲಿ ತೀರ್ಪಾಯಿತು. ಹೀಗಾಗಿ ಒಂದೇ ಸಾಲಕ್ಕಾಗಿ ಸಾಲಗಾರ ಎರಡು ಕಡೆ ಉತ್ತರ ಕೊಡಬೇಕಾಗಿ ಬರುವುದು ಕಾನೂನುಬದ್ಧವೇ ಆಗಿದೆ.

ಕರ್ನಾಟಕದ ಒಂದು ಪ್ರಕರಣ

ರಿಟ್ ಅರ್ಜಿಯ ದಾರಿ ಹೇಗೆ ಸಾಗುತ್ತದೆ ಎಂಬುದಕ್ಕೆ ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಫೀನಿಕ್ಸ್ ಎ.ಆರ್.ಸಿ. ವಿರುದ್ಧ ವಿಶ್ವಭಾರತಿ ವಿದ್ಯಾಮಂದಿರ ಪ್ರಕರಣ ಉದಾಹರಣೆ. ಬ್ಯಾಂಕಿನಿಂದ ಸಾಲವನ್ನು ವಹಿಸಿಕೊಂಡ ಆಸ್ತಿ ಪುನರ್ರಚನಾ ಕಂಪನಿ 2015ರಲ್ಲಿ ಸ್ವಾಧೀನಕ್ಕೆ ಮುಂದಾದಾಗ ಸಾಲಗಾರ ಸಂಸ್ಥೆ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಿತು. 1 ಕೋಟಿ ರೂಪಾಯಿ ಠೇವಣಿಯ ಷರತ್ತಿನ ಮೇಲೆ ಯಥಾಸ್ಥಿತಿಯ ಆದೇಶ ದೊರೆಯಿತು. ಮುಂದೆ ಠೇವಣಿ ಒಟ್ಟು 3 ಕೋಟಿಗೆ ಏರಿತಾದರೂ, ಬಾಕಿ ಇದ್ದದ್ದು ಸುಮಾರು 117 ಕೋಟಿ ರೂಪಾಯಿ.

2022ರ ಜನವರಿ 12ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶವನ್ನು ತೆರವುಗೊಳಿಸಿತು. ಖಾಸಗಿ ಹಣಕಾಸು ಸಂಸ್ಥೆಯ ವಾಣಿಜ್ಯ ಕ್ರಮದ ವಿರುದ್ಧ ರಿಟ್ ಅರ್ಜಿ ಊರ್ಜಿತವಲ್ಲ, ನ್ಯಾಯಮಂಡಳಿಯ ದಾರಿ ಇರುವಾಗ ಹೈಕೋರ್ಟಿಗೆ ಬಂದದ್ದು ನ್ಯಾಯಪ್ರಕ್ರಿಯೆಯ ದುರ್ಬಳಕೆ ಎಂಬುದು ತೀರ್ಪಿನ ತಾತ್ಪರ್ಯ. ಇದೇ ಮಾತನ್ನು ಸತ್ಯವತಿ ಟಂಡನ್ (2010), ಸೌತ್ ಇಂಡಿಯನ್ ಬ್ಯಾಂಕ್ (2023), ಪಿ.ಎಚ್.ಆರ್. ಇನ್ವೆಂಟ್ (2024) ಪ್ರಕರಣಗಳಲ್ಲಿಯೂ ಸುಪ್ರೀಂ ಕೋರ್ಟ್ ಹೇಳಿದೆ. ಹದಿನಾಲ್ಕು ವರ್ಷಗಳಲ್ಲಿ ಒಂದೇ ಎಚ್ಚರಿಕೆಯನ್ನು ಹಲವು ಬಾರಿ ನೀಡಬೇಕಾಯಿತು ಎಂಬುದೇ ಪರಿಪಾಠ ಎಷ್ಟು ಆಳವಾಗಿದೆ ಎಂಬುದಕ್ಕೆ ಸಾಕ್ಷಿ.

ಹರಾಜಿನಲ್ಲಿ ಕೊಂಡವನ ಪಾಡು

ಮುಂಬೈನ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಪೆಟ್ಟು ಬಿದ್ದದ್ದು ಹರಾಜಿನಲ್ಲಿ ಕೊಂಡವರಿಗೆ. ಯೂನಿಯನ್ ಬ್ಯಾಂಕಿನ 100 ಕೋಟಿ ರೂಪಾಯಿ ಸಾಲಕ್ಕೆ ನವಿ ಮುಂಬೈನ ಭೂಮಿ ಭದ್ರತೆಯಾಗಿತ್ತು. ಹಲವು ಬಾರಿ ಹರಾಜು ವಿಫಲವಾದ ಬಳಿಕ 2023ರ ಜೂನ್ 30ರಂದು ಸೆಲಿರ್ ಎಂಬ ಸಂಸ್ಥೆ 105.05 ಕೋಟಿಗೆ ಕೂಗಿ ಪೂರ್ಣ ಹಣ ಪಾವತಿಸಿತು. ಆಸ್ತಿ ಬಿಡಿಸಿಕೊಳ್ಳಲು ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿದ್ದ ಸಾಲಗಾರ, ಅಲ್ಲಿ ತೀರ್ಮಾನವಾಗುವ ಮುನ್ನವೇ ಹೈಕೋರ್ಟಿಗೆ ಹೋದನು. 129 ಕೋಟಿ ಪಾವತಿಸಿ ಆಸ್ತಿ ಬಿಡಿಸಿಕೊಳ್ಳಲು ಬಾಂಬೆ ಹೈಕೋರ್ಟ್ ಅನುಮತಿ ನೀಡಿತು.

2023ರ ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. 2016ರಲ್ಲಿ ತಿದ್ದುಪಡಿಯಾದ 13(8)ನೇ ಕಲಮಿನ ಪ್ರಕಾರ, ಹರಾಜಿನ ಪ್ರಕಟಣೆ ಹೊರಬಿದ್ದ ದಿನಕ್ಕೆ ಸಾಲಗಾರನ ಬಿಡಿಸಿಕೊಳ್ಳುವ ಹಕ್ಕು ಮುಗಿಯುತ್ತದೆ ಎಂದು ಅದು ಸ್ಪಷ್ಟಪಡಿಸಿತು. ಈ ನಡುವೆ ಸಾಲಗಾರ ಆ ಆಸ್ತಿಯನ್ನು ಮೂರನೆಯ ಸಂಸ್ಥೆಯೊಂದಕ್ಕೆ ವರ್ಗಾಯಿಸಿದ್ದರಿಂದ ಖರೀದಿದಾರರು ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆ ವರ್ಗಾವಣೆ ನಿಲ್ಲದು ಎಂದು 2024ರ ಡಿಸೆಂಬರ್ 13ರಂದು ತೀರ್ಪಾಯಿತು. ನಿಯಮದಂತೆ ಹಣ ಕಟ್ಟಿದವರು ಒಂದೂವರೆ ವರ್ಷ ಕಾಯಬೇಕಾಯಿತು.

ಸಿವಿಲ್ ನ್ಯಾಯಾಲಯದ ಬಾಗಿಲು ಪೂರ್ತಿ ಮುಚ್ಚಿದೆಯೇ?

ಇಲ್ಲ. ಸರ್ಫೇಸಿ ಕಾಯ್ದೆಯ 34ನೇ ಕಲಂ ನ್ಯಾಯಮಂಡಳಿಯ ವ್ಯಾಪ್ತಿಯ ವಿಷಯಗಳಲ್ಲಿ ಸಿವಿಲ್ ದಾವೆಯನ್ನು ನಿರ್ಬಂಧಿಸುತ್ತದೆ. ಕಾಯ್ದೆಯನ್ನು ಎತ್ತಿಹಿಡಿದ 2004ರ ಮಾರ್ಡಿಯಾ ಕೆಮಿಕಲ್ಸ್ ತೀರ್ಪು, ಬ್ಯಾಂಕಿನ ಕ್ರಮ ವಂಚನೆಯಿಂದ ಕೂಡಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದೆಂಬ ಕಿಂಡಿಯನ್ನು ಉಳಿಸಿತು. ನ್ಯಾಯಮಂಡಳಿಗೆ ಹೋಗುವ ಮುನ್ನವೇ ಶೇ. 75ರಷ್ಟು ಹಣ ಕಟ್ಟಬೇಕೆಂದಿದ್ದ ನಿಯಮವನ್ನು ರದ್ದುಪಡಿಸಿದ್ದೂ ಅದೇ ತೀರ್ಪು. ಆದರೆ ದಾವೆಯಲ್ಲಿ 'ವಂಚನೆ' ಎಂಬ ಪದ ಬಳಸಿದ ಮಾತ್ರಕ್ಕೆ ಕಿಂಡಿ ತೆರೆಯದು, ವಿವರಗಳು ಇರಬೇಕು ಎಂದು 2021ರ ಎಲೆಕ್ಟ್ರೋಸ್ಟೀಲ್ ಪ್ರಕರಣದಲ್ಲಿ ಹೇಳಲಾಯಿತು.

ಕುಟುಂಬದವರ ಪಾಲಿನ ಪ್ರಶ್ನೆ ಹೆಚ್ಚು ಸೂಕ್ಷ್ಮ. ತಂದೆ ಅಡವಿಟ್ಟ ಮನೆ ಅವಿಭಕ್ತ ಕುಟುಂಬದ್ದು ಎಂದು ಮಕ್ಕಳು ಹೂಡುವ ದಾವೆ ಎಲ್ಲರಿಗೂ ಪರಿಚಿತ. 2013ರ ಜಗದೀಶ್ ಸಿಂಗ್ ಪ್ರಕರಣದಲ್ಲಿ ಅಂಥ ದಾವೆಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2025ರ ಜನವರಿ 9ರ ಪ್ರಭಾ ಜೈನ್ ಪ್ರಕರಣದಲ್ಲಿ ಚಿತ್ರ ಬೇರೆಯಾಗಿತ್ತು. ಅಲ್ಲಿ ದಾವೆ ಹೂಡಿದ ಮಹಿಳೆ ಸಾಲಗಾರಳೂ ಅಲ್ಲ, ಜಾಮೀನುದಾರಳೂ ಅಲ್ಲ. ಪಾಲಾಗದ ಆಸ್ತಿಯನ್ನು ಕುಟುಂಬದ ಮತ್ತೊಬ್ಬರು ಮಾರಿದ್ದರು, ಕೊಂಡವನು ಅದನ್ನು ಬ್ಯಾಂಕಿಗೆ ಅಡವಿಟ್ಟಿದ್ದ. ಕ್ರಯಪತ್ರ ಅಸಿಂಧು ಎಂದು ಘೋಷಿಸುವ ಅಧಿಕಾರ ಸಾಲ ವಸೂಲಾತಿ ನ್ಯಾಯಮಂಡಳಿಗೆ ಇಲ್ಲ, ಆದ್ದರಿಂದ ಹಕ್ಕುಸ್ಥಾಪನೆಯ ಆ ದಾವೆ ಸಿವಿಲ್ ನ್ಯಾಯಾಲಯದಲ್ಲಿಯೇ ನಡೆಯಬೇಕು ಎಂದು ತೀರ್ಪಾಯಿತು. ನಿಜವಾದ ಮೂರನೆಯ ಹಕ್ಕುದಾರ ಸಿವಿಲ್ ನ್ಯಾಯಾಲಯಕ್ಕೆ ಹೋಗುವುದು ಫೋರಂ ಶಾಪಿಂಗ್ ಅಲ್ಲ. ಸಾಲಗಾರನೇ ತೆರೆಮರೆಯಲ್ಲಿ ನಿಂತು ಹೂಡಿಸುವ ದಾವೆ ಫೋರಂ ಶಾಪಿಂಗ್.

ಭೋಗ್ಯದ ಮನೆಯಲ್ಲಿರುವವರು

ಬೆಂಗಳೂರಿನಂಥ ನಗರಗಳಲ್ಲಿ ಲಕ್ಷಗಟ್ಟಲೆ ಹಣ ಕೊಟ್ಟು 'ಭೋಗ್ಯಕ್ಕೆ' ಮನೆ ಹಿಡಿದವರಿಗೆ, ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟಿಸಿದ ದಿನವೇ ಮನೆ ಅಡಮಾನದಲ್ಲಿದೆ ಎಂದು ತಿಳಿಯುವುದುಂಟು. ಇವರಿಗೆ 2016ರಲ್ಲಿ ಸೇರಿಸಲಾದ 17(4ಎ) ಕಲಂ ನ್ಯಾಯಮಂಡಳಿಯ ಬಾಗಿಲು ತೆರೆದಿದೆ. ಆದರೆ 13(2) ನೋಟಿಸ್ ತಲುಪಿದ ನಂತರ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕ ಮನೆಯನ್ನು ಬಾಡಿಗೆ ಅಥವಾ ಗುತ್ತಿಗೆಗೆ ಕೊಡುವಂತಿಲ್ಲ. ಬಾಯಿಮಾತಿನ ಕರಾರು ನ್ಯಾಯಮಂಡಳಿಯಲ್ಲಿ ನಿಲ್ಲುವುದು ಕಷ್ಟ. ಹಣ ಕೊಡುವ ಮೊದಲು ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರ ನೋಡುವುದು, ಮೂಲ ಕ್ರಯಪತ್ರ ತೋರಿಸುವಂತೆ ಮಾಲೀಕನನ್ನು ಕೇಳುವುದು, ಕರಾರನ್ನು ನೋಂದಾಯಿಸುವುದು ಕನಿಷ್ಠ ಎಚ್ಚರಿಕೆ.

ಮುಚ್ಚಿಟ್ಟರೆ ಏನಾಗುತ್ತದೆ?

ಹಿಂದಿನ ಪ್ರಕರಣ ಮರೆಮಾಚಿದ್ದು ಬೆಳಕಿಗೆ ಬಂದರೆ, ವಾದದಲ್ಲಿ ಹುರುಳಿದ್ದರೂ ಅರ್ಜಿ ವಜಾ ಆಗಬಹುದು. ಕೆ. ಜಯರಾಂ ವಿರುದ್ಧ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಪ್ರಕರಣ (2021ರ ಡಿಸೆಂಬರ್ 8) ಭೂಸ್ವಾಧೀನಕ್ಕೆ ಸಂಬಂಧಿಸಿದ್ದಾದರೂ ಅದರ ನಿಯಮ ಎಲ್ಲರಿಗೂ ಅನ್ವಯ. ವಿವಾದದ ಆಸ್ತಿಯ ಯಾವುದೇ ಭಾಗದ ಕುರಿತು ಹಿಂದೆ ನಡೆದ, ಈಗ ನಡೆಯುತ್ತಿರುವ ಎಲ್ಲ ವ್ಯಾಜ್ಯಗಳ ವಿವರವನ್ನು ಕಕ್ಷಿದಾರರು ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಪ್ರಮಾಣಪತ್ರದಲ್ಲಿ ಸುಳ್ಳು ಹೇಳಿದ್ದರೆ ಕ್ರಿಮಿನಲ್ ಮೊಕದ್ದಮೆಯ ಅಪಾಯವೂ ಇದೆ.

ಇದಕ್ಕಿಂತ ದೊಡ್ಡ ದಂಡ ಬಡ್ಡಿಯದು. ಬಾಕಿ 50 ಲಕ್ಷ ರೂಪಾಯಿಗೆ ವಾರ್ಷಿಕ ಶೇ. 12ರ ಸರಳ ಬಡ್ಡಿ ಹಿಡಿದರೂ ತಿಂಗಳಿಗೆ 50 ಸಾವಿರ ಏರುತ್ತದೆ. ಎರಡು ವರ್ಷದ ತಡೆಯಾಜ್ಞೆಯ ಬೆಲೆ 12 ಲಕ್ಷ ರೂಪಾಯಿ. ಹರಾಜಿನ ಹಣ ಸಾಲಕ್ಕೆ ಸಾಲದಿದ್ದರೆ ಉಳಿದ ಬಾಕಿಗೂ ಸಾಲಗಾರನೇ ಹೊಣೆ.

ನೋಟಿಸ್ ಬಂದವರು ಗಮನಿಸಬೇಕಾದದ್ದು

1. ನೋಟಿಸ್ ತಲುಪಿದ ದಿನಾಂಕವನ್ನು ಬರೆದಿಟ್ಟುಕೊಂಡು ಲಕೋಟೆಯನ್ನು ಕಾಯ್ದಿರಿಸಿ. ಮುಂದಿನ ಗಡುವುಗಳೆಲ್ಲ ದಿನಾಂಕವನ್ನೇ ಆಧರಿಸಿವೆ.

2. 60 ದಿನಗಳ ಅವಧಿಯಲ್ಲೇ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಖಾತೆಯ ಪೂರ್ಣ ವಿವರಪಟ್ಟಿ ಕೇಳಿ.

3. ಸ್ವಾಧೀನದ ನೋಟಿಸ್ ಅಂಟಿಸಿದ ಬಳಿಕ 45 ದಿನಗಳ ಲೆಕ್ಕ ಮರೆಯದಿರಿ. ಅಧಿಕಾರವಿಲ್ಲದ ನ್ಯಾಯಾಲಯದಲ್ಲಿ ಈ ದಿನಗಳು ಕಳೆದುಹೋದರೆ ಒಳ್ಳೆಯ ವಾದವೂ ವ್ಯರ್ಥವಾಗಬಹುದು.

4. ಆಸ್ತಿ ಕೃಷಿಭೂಮಿಯೇ? ಅಸಲು ಮತ್ತು ಬಡ್ಡಿಯ ಶೇ. 20ಕ್ಕಿಂತ ಕಡಿಮೆ ಬಾಕಿ ಉಳಿದಿದೆಯೇ? ಭದ್ರತೆಯ ಮೇಲೆ ಪಡೆದ ಸಾಲದ ಮೊತ್ತ 1 ಲಕ್ಷ ಮೀರಿಲ್ಲವೇ? ಇಂಥವಕ್ಕೆ 31ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಪಹಣಿಯಲ್ಲಿ ಕೃಷಿ ಎಂದಿದ್ದರೆ ಸಾಲದು, ಭೂಮಿ ವಾಸ್ತವವಾಗಿ ಕೃಷಿಗೆ ಬಳಕೆಯಾಗುತ್ತಿರಬೇಕು.

5. ಹಣ ಹೊಂದಿಸುವ ಸಾಧ್ಯತೆ ಇದ್ದರೆ ಹರಾಜಿನ ಪ್ರಕಟಣೆಗೆ ಮುನ್ನವೇ ಪಾವತಿಸಿ. ಪ್ರಕಟಣೆಯ ನಂತರ ಹಣ ಕೈಯಲ್ಲಿದ್ದರೂ ಹಕ್ಕು ಉಳಿಯದು.

6. ಹಿಂದೆ ಹೂಡಿದ ದಾವೆಗಳೆಲ್ಲವನ್ನೂ ಅರ್ಜಿಯಲ್ಲಿ ನಮೂದಿಸಿ. ವಕೀಲರನ್ನು ಬದಲಿಸಿದಾಗ ಹಳೆಯ ಕಡತವನ್ನೂ ಒಪ್ಪಿಸಿ.

7. ಹರಾಜಿನಲ್ಲಿ ಕೊಳ್ಳುವವರು ಆಸ್ತಿಯ ಮೇಲೆ ಬಾಕಿ ಇರುವ ಪ್ರಕರಣಗಳ ಬಗ್ಗೆ ಬ್ಯಾಂಕಿನಿಂದ ಲಿಖಿತ ಮಾಹಿತಿ ಕೇಳಬೇಕು. ಸಾಂಕೇತಿಕ ಸ್ವಾಧೀನ ಮಾತ್ರ ಆಗಿದೆಯೇ, ಮನೆ ನಿಜಕ್ಕೂ ಬ್ಯಾಂಕಿನ ವಶದಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ನ್ಯಾಯಾಲಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮಲ್ಲಿ ಹಳೆಯದು. ಅಡಮಾನದ ವ್ಯಾಜ್ಯದಲ್ಲಿ ಒಂದರ ಮೇಲೊಂದು ಬಾಗಿಲು ತಟ್ಟಿದವನಿಗೆ ಆ ಮಾತು ಹೆಚ್ಚು ಸಲ್ಲುತ್ತದೆ. ಬ್ಯಾಂಕಿನ ನೋಟಿಸಿನಲ್ಲಿ ನಿಜವಾದ ದೋಷವಿದ್ದರೆ ಅದನ್ನು ಎತ್ತಿಹಿಡಿಯುವ ಸ್ಥಳ ನ್ಯಾಯಮಂಡಳಿ, ಅದಕ್ಕೆ ಇರುವ ಅವಧಿ 45 ದಿನ. ನ್ಯಾಯಮಂಡಳಿಗಳಿಗೆ ಸಕಾಲದಲ್ಲಿ ಪೀಠಾಧಿಕಾರಿಗಳನ್ನು ನೇಮಿಸಿ ಆ ಬಾಗಿಲನ್ನು ಸದಾ ತೆರೆದಿಡುವುದು ಸರ್ಕಾರದ ಹೊಣೆ. ಅದು ತೆರೆದಿರುವಾಗ, ಏನನ್ನೂ ಮುಚ್ಚಿಡದೆ, ಸಕಾಲದಲ್ಲಿ ಅಲ್ಲಿಗೆ ಹೋಗುವುದೇ ಮನೆ ಉಳಿಸಿಕೊಳ್ಳಬಯಸುವವನಿಗೆ ಹತ್ತಿರದ ದಾರಿ.